ಬೂದಿದಿಬ್ಬಗಳು: ಹಟ್ಟಿಯ ಮಣ್ಣು ನುಡಿಯುವ ಚರಿತ್ರೆ

ಕನ್ನಡದ 'ಹಟ್ಟಿ' ಎಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ದನಕುರಿಗಳನ್ನು ಕೂಡುವ ದೊಡ್ಡಿ ಎಂಬುದೊಂದು, ಜನರು ವಾಸಿಸುವ ಸಣ್ಣ ಊರು ಎಂಬುದಿನ್ನೊಂದು. ಇದರ ಹಳೆಯ ರೂಪ 'ಪಟ್ಟಿ'. ತಮಿಳಿನಲ್ಲಿಯೂ ಆ ಶಬ್ದಕ್ಕೆ ಇವೇ ಎರಡು ಅರ್ಥಗಳುಂಟು. ಸಂಸ್ಕೃತದ ದಾರಿಯೂ ಬೇರೆಯಲ್ಲ. 'ಗೋಷ್ಠ'ವೆಂದರೆ ಹಸುಗಳು ನಿಲ್ಲುವ ಸ್ಥಳ, ಅದರಿಂದ ಹುಟ್ಟಿದ 'ಗೋಷ್ಠಿ'ಯಾದರೋ ವಿದ್ವಜ್ಜನರ ಸಭೆ. ದನ ನಿಂತ ಜಾಗ ಜನ ಕೂಡುವ ಜಾಗವಾಯಿತೆಂಬ ನೆನಪನ್ನು ಹೀಗೆ ಶಬ್ದಗಳು ಉಳಿಸಿಕೊಂಡಿವೆ. ಈ ನೆನಪಿಗೆ ನೆಲದಲ್ಲಿ ಸಾಕ್ಷ್ಯವುಂಟೆ ಎಂದು ಕೇಳಿದರೆ, ಉಂಟು. ಅದೂ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಜಿಲ್ಲೆಗಳ ಬಯಲಿನಲ್ಲಿ ಹಾಗೂ ಅವುಗಳಿಗೆ ಹೊಂದಿಕೊಂಡ ಆಂಧ್ರ, ತೆಲಂಗಾಣಗಳ ಸೀಮೆಯಲ್ಲಿ ಕಣ್ಣಿಗೆ ಕಾಣುವಂತೆ ರಾಶಿಬಿದ್ದಿದೆ. ಜನರು ಅವನ್ನು ಬೂದಿದಿಬ್ಬ, ಬೂದಿಗುಡ್ಡ ಎಂದು ಕರೆಯುತ್ತಾರೆ.

ಇಂತಹ ದಿಬ್ಬಗಳು ನೂರಕ್ಕೂ ಹೆಚ್ಚು ಪತ್ತೆಯಾಗಿವೆ. ಕೆಲವು ಮಂಡಿಯೆತ್ತರದವು, ಕೆಲವು ಮನೆಯ ಮಾಳಿಗೆಯನ್ನೂ ಮೀರಿದವು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಹಾದಿಯಲ್ಲಿ ಕುಡತಿನಿಯ ಬಳಿಯಿರುವ ದಿಬ್ಬ ಬಹು ಪ್ರಸಿದ್ಧವಾದುದು. ಹಂಪೆಯ ಸಮೀಪದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ದಹಿಸಿದ ಸ್ಥಳವೆಂದು ಜನರು ಇಂದಿಗೂ ತೋರಿಸುತ್ತಾರೆ. ಕಿಷ್ಕಿಂಧೆಯ ನೆಲದಲ್ಲಿ ಅಷ್ಟು ಬೂದಿ ಕಂಡವರಿಗೆ ಅದು ಮಹಾಬಲನಾದ ವಾನರರಾಜನ ಚಿತಾಭಸ್ಮವೆಂದು ತೋರಿದುದು ಸಹಜವೇ. ಈ ಐತಿಹ್ಯವನ್ನು ಕೇವಲ ಮೌಢ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಇದು ಪ್ರಕೃತಿ ಮಾಡಿದ ದಿಬ್ಬವಲ್ಲ, ಇಲ್ಲಿ ಏನೋ ಒಂದು ದೊಡ್ಡ ಪ್ರಮಾಣದಲ್ಲಿ ಉರಿದಿದೆ, ಅದು ಬಹಳ ಹಿಂದೆ ನಡೆದುದು ಎಂಬ ಮೂರು ಸಂಗತಿಗಳನ್ನು ಹಳ್ಳಿಗರು ಸರಿಯಾಗಿಯೇ ಗ್ರಹಿಸಿದ್ದರು. ಉರಿದುದು ಯಾವುದು ಎಂಬುದೊಂದೇ ಉಳಿದ ಪ್ರಶ್ನೆ.

ಆ ಪ್ರಶ್ನೆಗೆ ಓದುಬರಹ ಬಲ್ಲವರೂ ಬಹುಕಾಲ ತಪ್ಪು ಉತ್ತರಗಳನ್ನೇ ಕೊಟ್ಟರು. ಸೈನ್ಯಾಧಿಕಾರಿಯಾಗಿದ್ದ ನ್ಯೂಬೋಲ್ಡ್ ಅವರು 1843ರಲ್ಲಿ ಈ ದಿಬ್ಬಗಳನ್ನು ಕುರಿತು ಲೇಖನವನ್ನು ಪ್ರಕಟಿಸಿದ ಮೇಲೆ ಊಹೆಗಳು ಬೆಳೆದವು. ಜ್ವಾಲಾಮುಖಿಯ ಉಗುಳು ಎಂದವರುಂಟು. ಕಬ್ಬಿಣದ ಕುಲುಮೆಯ ಕಿಟ್ಟ ಎಂದವರುಂಟು. ಸಾಮೂಹಿಕ ದಹನದ ಶೇಷವೆಂದವರೂ ಉಂಟು. ಈ ಊಹೆಗಳಿಗೆಲ್ಲ ಕಾರಣವಾದುದು ದಿಬ್ಬಗಳಲ್ಲಿ ದೊರೆಯುವ ವಿಚಿತ್ರವಾದ ಗಟ್ಟಿಗಳು. ಅವು ಗಾಜಿನಂತೆ ಕರಗಿ ಗಟ್ಟಿಯಾದವು, ಒಳಗೆಲ್ಲ ಗುಳ್ಳೆಗುಳ್ಳೆ, ಕೈಗೆತ್ತಿಕೊಂಡರೆ ಗಾತ್ರಕ್ಕೆ ತಕ್ಕ ತೂಕವಿಲ್ಲ. ಬರಿಯ ಬೆಂಕಿಯಲ್ಲಿ ಬೂದಿಯು ಕಲ್ಲಾಗುವುದೆಂತು ಎಂಬ ಸಂಶಯ ಎಲ್ಲರಿಗೂ ಬಂದಿತು. ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯಲ್ಲಿದ್ದು ಬಳ್ಳಾರಿ ಸೀಮೆಯನ್ನು ಕಾಲ್ನಡಿಗೆಯಲ್ಲಿ ಬಲ್ಲವರಾಗಿದ್ದ ರಾಬರ್ಟ್ ಬ್ರೂಸ್ ಫೂಟ್ ಅವರು ಮಾತ್ರ ಇದು ಸುಟ್ಟ ದನದ ಸಗಣಿಯಿರಬೇಕೆಂದು ಹೇಳಿದರು. ಅವರ ಮಾತಿಗೆ ಆಗ ದೊರೆತ ಮನ್ನಣೆ ಅಲ್ಪ. ಸಗಣಿ ಎಂಬ ಉತ್ತರ ಬಹುಶಃ ವಿದ್ವಾಂಸರ ಗೌರವಕ್ಕೆ ಕಡಿಮೆಯಾಗಿ ತೋರಿತೇನೋ!

ಫೂಟ್ ಅವರ ಊಹೆ ಪ್ರಮಾಣಸಿದ್ಧವಾಗಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. 1957ರಲ್ಲಿ ಆಲ್ಚಿನ್ ಅವರು ಹಿಂದಿನ ಮಹಬೂಬನಗರ ಜಿಲ್ಲೆಯ ಉಟ್ನೂರಿನ ದಿಬ್ಬದಲ್ಲಿ ಉತ್ಖನನ ನಡೆಸಿದರು. ಅಲ್ಲಿ ಕಂಬಗಳನ್ನು ಸಾಲಾಗಿ ನೆಟ್ಟು ಕಟ್ಟಿದ ದೊಡ್ಡಿಯ ಕುರುಹುಗಳು, ಒಂದು ದೊಡ್ಡಿ ಸುಟ್ಟ ಮೇಲೆ ಅದರ ಮೇಲೆಯೇ ಮತ್ತೊಂದನ್ನು ಕಟ್ಟಿದ ಕುರುಹುಗಳು ಕಂಡುಬಂದವು. ಎಲ್ಲಕ್ಕಿಂತ ಮನೋಜ್ಞವಾದುದೆಂದರೆ, ಒಳಪದರಗಳಲ್ಲಿ ದನಗಳ ಗೊರಸಿನ ಗುರುತುಗಳು ಅಚ್ಚೊತ್ತಿದಂತೆ ಉಳಿದಿದ್ದುದು. ನಾಲ್ಕು ಸಾವಿರ ವರ್ಷಗಳ ಹಿಂದೆ ಒಂದು ಸಂಜೆ ಹಟ್ಟಿಗೆ ಮರಳಿದ ದನಗಳ ಹೆಜ್ಜೆಗಳವು. ಇದೇ ಕಾಲದಲ್ಲಿ ಲಂಡನ್ನಿನ ಪ್ರಾಕ್ತನಶಾಸ್ತ್ರ ಸಂಸ್ಥೆಯ ಜ್ಯೋಯ್ನರ್ ಅವರು ದಿಬ್ಬಗಳ ಬೂದಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಅದು ದನದ ಸಗಣಿಯೇ ಎಂದು 1960ರಲ್ಲಿ ಪ್ರಕಟಪಡಿಸಿದರು. ಗಾಜಿನಂತಹ ಗಟ್ಟಿಯ ರಹಸ್ಯವೂ ಬಯಲಾಯಿತು. ಹುಲ್ಲಿನ ಎಲೆಯಲ್ಲಿ ಮರಳಿನ ಸತ್ತ್ವವಾದ ಸಿಲಿಕಾ ಇರುತ್ತದೆ. ಹುಲ್ಲಿನ ಅಂಚು ಬೆರಳನ್ನು ಕೊಯ್ಯುವುದು ಅದರಿಂದಲೇ. ದನದ ಹೊಟ್ಟೆಯಲ್ಲಿ ಹುಲ್ಲು ಜೀರ್ಣವಾದರೂ ಸಿಲಿಕಾ ಜೀರ್ಣವಾಗದೆ ಸಗಣಿಯಲ್ಲಿ ಉಳಿಯುತ್ತದೆ. ಶುದ್ಧ ಸಿಲಿಕಾ ಕರಗಲು ಮಹಾತಾಪ ಬೇಕು. ಆದರೆ ಬೂದಿಯಲ್ಲಿರುವ ಕ್ಷಾರಗಳು ಜೊತೆಗೂಡಿದರೆ ಅದಕ್ಕಿಂತ ಬಹಳ ಕಡಿಮೆ ತಾಪದಲ್ಲಿಯೇ ಅದು ಕರಗಿ ಹರಿಯುತ್ತದೆ. ದೊಡ್ಡ ರಾಶಿಯ ಒಡಲಲ್ಲಿ ದಿನಗಟ್ಟಲೆ ಕನಲುವ ಬೆಂಕಿಗೆ ಆ ತಾಪ ಸಾಧ್ಯ. ಗೋಮಯವನ್ನು ಸುಟ್ಟು ವಿಭೂತಿಯನ್ನು ಸಿದ್ಧಪಡಿಸುವವರಿಗೆ ಅದರ ಬೂದಿಯ ಬಿಳುಪು, ನುಣುಪುಗಳ ಪರಿಚಯವಿದ್ದೇ ಇದೆ. ದಿಬ್ಬಗಳ ಮೆತ್ತನೆಯ ಪದರಗಳಲ್ಲಿ ಕಾಣುವುದೂ ಆ ಜಾತಿಯ ಬೂದಿಯೇ.

ಇಲ್ಲಿಂದ ಮುಂದೆ ಮಣ್ಣಿನ ರಸಾಯನದ ಮಾತು ಬರುತ್ತದೆ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡುವುದು ಅವಶ್ಯ. ಪ್ರಾಚೀನ ಜನವಸತಿಯ ಅಧ್ಯಯನವೆಂದರೆ ಮಡಕೆ ಚೂರು, ಕಲ್ಲಿನ ಕೊಡಲಿಗಳನ್ನು ಆರಿಸುವುದು ಎಂಬ ಭಾವನೆ ಇನ್ನೂ ಬಲವಾಗಿದೆ. ವಸ್ತುಗಳಿಲ್ಲದ ಬರಿಮಣ್ಣು ಕೂಡ ಮಾತನಾಡಬಲ್ಲುದೆಂದು ಮೊದಲು ತೋರಿಸಿದವರಲ್ಲಿ ಸ್ವೀಡನ್ನಿನ ಕೃಷಿರಸಾಯನಜ್ಞ ಓಲೊಫ್ ಅರ್ಹೇನಿಯಸ್ ಪ್ರಮುಖರು. ಇವರು ನೊಬೆಲ್ ಪಾರಿತೋಷಕವನ್ನು ಪಡೆದ ಸ್ವಾಂಟೆ ಅರ್ಹೇನಿಯಸ್ ಅವರ ಪುತ್ರರು. 1920ರ ದಶಕದಲ್ಲಿ ಸಕ್ಕರೆ ಬೀಟಿನ ಬೆಳೆಗಾಗಿ ಹೊಲಗಳ ಮಣ್ಣನ್ನು ಪರೀಕ್ಷಿಸುತ್ತಿದ್ದಾಗ, ಕೆಲವು ಕಡೆ ರಂಜಕದ ಅಂಶ ವಿಪರೀತವಾಗಿರುವುದನ್ನು ಅವರು ಕಂಡರು. ಆ ಜಾಗಗಳು ಹಿಂದೆ ಜನರು ನೆಲೆಸಿದ್ದ ಜಾಗಗಳೆಂಬುದು ಆಮೇಲೆ ಸ್ಪಷ್ಟವಾಯಿತು.

ರಂಜಕವೇ ಏಕೆ? ಸಗಣಿ, ಗಂಜಲ, ಎಲುಬು, ಅಡಿಗೆಮನೆಯ ಕಸ ಇವುಗಳಲ್ಲಿ ಸಾರಜನಕವೂ ಇದೆ, ರಂಜಕವೂ ಇದೆ. ಸಾರಜನಕವು ನೀರಿನೊಡನೆ ಇಳಿದುಹೋಗುತ್ತದೆ, ಗಾಳಿಯಲ್ಲಿ ಸೇರಿಹೋಗುತ್ತದೆ. ರಂಜಕದ ಸ್ವಭಾವ ಬೇರೆ. ಸುಣ್ಣದ ಅಂಶವುಳ್ಳ ಎರೆಮಣ್ಣಿನಲ್ಲಿ ಅದು ಸುಣ್ಣದೊಡನೆ ಬೆಸೆದುಕೊಳ್ಳುತ್ತದೆ. ಕೆಮ್ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳೊಡನೆ ಬೆಸೆದುಕೊಳ್ಳುತ್ತದೆ. ಹೀಗೆ ಒಮ್ಮೆ ನೆಲವನ್ನು ಹಿಡಿದರೆ ಸಾವಿರಾರು ವರ್ಷ ಹೆಚ್ಚು ಕದಲದೆ ಅಲ್ಲಿಯೇ ಇರುತ್ತದೆ. ಮನೆ ಬಿದ್ದು, ಕಂಬ ಕೊಳೆತು, ಮಡಕೆ ಪುಡಿಯಾದ ಮೇಲೆಯೂ ಆ ಮನೆಯ ರಂಜಕ ಸ್ಥಳ ಬಿಟ್ಟು ಹೋಗುವುದಿಲ್ಲ. ಹಟ್ಟಿಯ ವಿಷಯದಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ದನಗಳು ಹಗಲೆಲ್ಲ ಸುತ್ತಣ ಗುಡ್ಡ, ಬಯಲು, ಹಳ್ಳದ ದಂಡೆಗಳಲ್ಲಿ ಮೇಯುತ್ತವೆ. ರಾತ್ರಿ ಬಂದು ಒಂದೇ ದೊಡ್ಡಿಯಲ್ಲಿ ಸಗಣಿ ಹಾಕುತ್ತವೆ. ಎಂದರೆ ಹರಿದಾರಿಗಟ್ಟಲೆ ವಿಸ್ತಾರದ ನೆಲದ ರಂಜಕವನ್ನು ಸಂಗ್ರಹಿಸಿ ತಂದು ಕೆಲವೇ ಮಾರು ಜಾಗದಲ್ಲಿ ಸುರಿಯುವ ಕೆಲಸವನ್ನು ದನಗಳು ದಿನವೂ ಮಾಡುತ್ತವೆ. ಆದಕಾರಣ ಬೂದಿದಿಬ್ಬವೊಂದನ್ನು ಅದರ ಸುತ್ತಣ ಮೇವಿನ ನೆಲವನ್ನು ಬಿಟ್ಟು ಓದಲು ಬರುವುದಿಲ್ಲ. ಇಂದು ಭೂದೃಶ್ಯ ಪ್ರಾಕ್ತನಶಾಸ್ತ್ರವೆಂದು ಹೆಸರು ಪಡೆದಿರುವ ಅಧ್ಯಯನಕ್ರಮದ ತಿರುಳು ಇದೇ. ದಿಬ್ಬ, ಅದರ ಬಳಿಯ ಕಲ್ಲುಗುಡ್ಡ, ಕಣಿವೆ, ನೀರಿನ ದೊಣೆ, ಹುಲ್ಲುಗಾವಲು, ಕಾಲುದಾರಿ ಎಲ್ಲವನ್ನೂ ಒಂದೇ ವಾಕ್ಯದ ಪದಗಳಂತೆ ಅನ್ವಯಿಸಿ ನೋಡುವುದು.

ಪರೀಕ್ಷೆಯ ಕ್ರಮವೂ ಅಷ್ಟೇನು ದುರ್ಗಮವಲ್ಲ. ನೆಲವನ್ನು ಚೌಕುಳಿಗಳಾಗಿ ಗುರುತಿಸಿ, ಪ್ರತಿಯೊಂದು ಸಂಧಿಯಲ್ಲಿಯೂ ನೇಗಿಲು ಮುಟ್ಟುವ ಪದರಕ್ಕಿಂತ ಕೆಳಗಿನಿಂದ ಹಿಡಿಯಷ್ಟು ಮಣ್ಣನ್ನು ತೆಗೆಯುತ್ತಾರೆ. ಆಮ್ಲದಲ್ಲಿ ಅದರ ರಂಜಕವನ್ನು ಕರಗಿಸಿ, ಅಮೋನಿಯಂ ಮಾಲಿಬ್ಡೇಟ್ ದ್ರಾವಣವನ್ನೂ ಆಸ್ಕಾರ್ಬಿಕ್ ಆಮ್ಲವನ್ನೂ ಸೇರಿಸಿದರೆ ನೀಲಿ ಬಣ್ಣ ಏಳುತ್ತದೆ. ನೀಲಿ ಗಾಢವಾದಷ್ಟೂ ರಂಜಕ ಹೆಚ್ಚು. ಸಾಧಾರಣ ಪ್ರಯೋಗಶಾಲೆಯುಳ್ಳ ವಿದ್ಯಾಲಯದಲ್ಲಿಯೂ ಇದನ್ನು ಮಾಡಿ ತೋರಿಸಬಹುದು. ಕಷ್ಟವಿರುವುದು ಅರ್ಥ ಹೇಳುವುದರಲ್ಲಿ. ಎಲುಬಿನಿಂದಲೂ ರಂಜಕ ಬರುತ್ತದೆ, ಸೌದೆಯ ಬೂದಿಯಿಂದಲೂ ಬರುತ್ತದೆ; ಈಚಿನ ಹೊಲಗಳಲ್ಲಿ ಸೂಪರ್ ಫಾಸ್ಫೇಟ್, ಡಿ.ಎ.ಪಿ. ಗೊಬ್ಬರಗಳಿಂದ ಯಥೇಚ್ಛವಾಗಿ ಬರುತ್ತದೆ. ಇಳಿಜಾರಿನಲ್ಲಿ ಮಳೆಯ ನೀರು ಮೇಲಿನ ಮಣ್ಣನ್ನು ಕೆಳಗೆ ತಂದು ಹಾಕುವುದೂ ಉಂಟು. ಆದುದರಿಂದ ವಸತಿಯ ಹೊರಗಿನ, ಜನ ಮುಟ್ಟದ ನೆಲದ ಮಣ್ಣನ್ನೂ ತಂದು ಹೋಲಿಸದೆ ಒಂದು ಅಂಕಿಯನ್ನೂ ನಂಬುವಂತಿಲ್ಲ. ಹಸ್ತಪ್ರತಿಯೊಂದರ ಪಾಠವನ್ನು ನಿಶ್ಚಯಿಸುವಾಗ ಬೇರೆ ಪ್ರತಿಗಳನ್ನು ಎದುರಿಗಿಟ್ಟುಕೊಳ್ಳುವುದಿಲ್ಲವೆ, ಅದರಂತೆಯೇ ಇದು.

ರಂಜಕವೊಂದನ್ನೇ ನೆಚ್ಚದೆ ಇತರ ಸಾಕ್ಷಿಗಳನ್ನೂ ಇಂದು ಕೂಡಿಸಿಕೊಳ್ಳುತ್ತಾರೆ. ಮೆಲುಕು ಹಾಕುವ ಪ್ರಾಣಿಗಳ ಕರುಳಿನಲ್ಲಿ ಸುಣ್ಣದ ಅತಿಸೂಕ್ಷ್ಮ ಗೋಲಗಳು ರೂಪುಗೊಂಡು ಸಗಣಿಯಲ್ಲಿ ಸೇರುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ಕಂಡರೆ ಅದು ಸಗಣಿಯೆಂಬುದರಲ್ಲಿ ಸಂದೇಹ ಉಳಿಯದು. ಬೆಂಕಿ ಬಹಳ ಪ್ರಖರವಾದಲ್ಲಿ ಈ ಗೋಲಗಳು ನಾಶವಾಗುವುದರಿಂದ, ಅವು ಇರುವುದೂ ಇಲ್ಲದಿರುವುದೂ ತಾಪದ ಅಳತೆಯನ್ನು ಸೂಚಿಸುತ್ತವೆ. ಹುಲ್ಲು ಕೊಳೆತರೂ ಅದರ ಜೀವಕೋಶಗಳ ಆಕಾರವನ್ನು ಉಳಿಸಿಕೊಂಡ ಸಿಲಿಕಾದ ಕಣಗಳು ಯಾವ ಜಾತಿಯ ಮೇವು ಎಂಬುದನ್ನು ತಿಳಿಸುತ್ತವೆ. ಸುಟ್ಟ ಮಣ್ಣಿನಲ್ಲಿ ಕಬ್ಬಿಣದ ಅಂಶ ರೂಪಾಂತರ ಹೊಂದಿ ಅಯಸ್ಕಾಂತ ಗುಣ ಹೆಚ್ಚುತ್ತದೆ. ಅದನ್ನು ಸಣ್ಣ ಯಂತ್ರದಿಂದ ಅಳೆಯಬಹುದು. ಇವೆಲ್ಲಕ್ಕಿಂತ ನಾಜೂಕಾದುದು ಪದರಗಳ ಸೂಕ್ಷ್ಮ ಪರೀಕ್ಷೆ. ಮಣ್ಣಿನ ಒಂದು ಇಟ್ಟಿಗೆಯನ್ನು ಕದಡದಂತೆ ಕೊರೆದು ತೆಗೆದು, ರಾಳವನ್ನು ಊಡಿ ಗಟ್ಟಿಮಾಡಿ, ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳುವಾಗುವಂತೆ ಉಜ್ಜಿ, ಬೆಳಕಿಗೆ ಹಿಡಿದು ನೋಡುತ್ತಾರೆ. ದನ ತುಳಿದ ಸಗಣಿ ಎಲೆಎಲೆಯಾಗಿ ಒತ್ತಿಕೊಂಡಿರುತ್ತದೆ. ಎತ್ತಿ ಎಸೆದ ಸಗಣಿ ಅಸ್ತವ್ಯಸ್ತವಾಗಿ ಬಿದ್ದಿರುತ್ತದೆ. ಹಟ್ಟಿ ಕೆಲವು ಕಾಲ ಹಾಳುಬಿದ್ದಿದ್ದರೆ ನಡುವೆ ಗಾಳಿ ತಂದ ಧೂಳಿನ, ಬೇರು ಇಳಿದ ಮಣ್ಣಿನ ಗೆರೆಯೊಂದು ಕಾಣುತ್ತದೆ.

ಈ ಭೇದ ಅತ್ಯಂತ ಮುಖ್ಯ. ಏಕೆಂದರೆ ಸಗಣಿಯೆಂದು ನಿರ್ಧಾರವಾದ ಮೇಲೆ ಅದಕ್ಕಿಂತ ಕಠಿನವಾದ ಪ್ರಶ್ನೆಯೊಂದು ಹುಟ್ಟಿತು: ಅದನ್ನು ಸುಟ್ಟದ್ದೇಕೆ? ಕುಳ್ಳಿಗೂ ಗೊಬ್ಬರಕ್ಕೂ ಸಗಣಿಯನ್ನು ಕಾದಿರಿಸುವ ನಮ್ಮ ರೈತನಿಗೆ ಇಂತಹ ರಾಶಿಗೆ ಬೆಂಕಿಯಿಡುವುದು ಹುಚ್ಚುತನವೆಂದೇ ತೋರೀತು. ಆಲ್ಚಿನ್ ಅವರು ಇದನ್ನು ಋತುಮಾನದ ಅಗ್ನ್ಯುತ್ಸವಗಳೊಡನೆ ಹೋಲಿಸಿದರು. ಹಳೆಯ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವ ಪದ್ಧತಿ ಇಂದಿಗೂ ಇರುವುದನ್ನು ಬಲ್ಲವರಿಗೆ ಈ ಹೋಲಿಕೆ ಹೃದ್ಯವಾಗಿಯೇ ಕಾಣುತ್ತದೆ. ಆದರೆ ನಾಲ್ಕು ಸಾವಿರ ವರ್ಷಗಳ ಅಂತರವನ್ನು ಒಂದು ಸಾದೃಶ್ಯದಿಂದ ದಾಟುವುದು ಸಾಹಸ. ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ನಡೆಸಿದ ವಿಸ್ತಾರವಾದ ಉತ್ಖನನವು ಬೇರೊಂದು ಚಿತ್ರವನ್ನು ಕೊಟ್ಟಿತು. ಊರಿನ ಹೆಸರಿನಲ್ಲಿಯೇ ಬೂದಿ ಇರುವುದನ್ನು ವಾಚಕರು ಗಮನಿಸಬೇಕು. ಅಲ್ಲಿ ದನದ ದೊಡ್ಡಿ ಒಂದು ಕಡೆ, ಸಗಣಿಯನ್ನು ಹಾಕಿ ಸುಡುತ್ತಿದ್ದ ರಾಶಿ ಇನ್ನೊಂದು ಕಡೆ. ಅವನ್ನು ಸುತ್ತುವರಿದು ಮನೆಗಳ ತಳಪಾಯಗಳು, ಶಿಶುಗಳನ್ನು ಹೂಳಿದ ಮಡಕೆಗಳು, ಕಲ್ಲಿನ ಅಲಗುಗಳನ್ನು ತಯಾರಿಸುತ್ತಿದ್ದ ಜಾಗ, ದನಗಳನ್ನು ಕೊಯ್ದು ಮಾಂಸ ಹಂಚುತ್ತಿದ್ದ ನೆಲ. ಬೂದಿದಿಬ್ಬಗಳು ಅಲೆಮಾರಿ ದನಗಾಹಿಗಳ ತಂಗುದಾಣಗಳು ಮಾತ್ರ ಎಂಬ ಹಿಂದಿನ ಅಭಿಪ್ರಾಯ ಇದರಿಂದ ಸಡಿಲವಾಯಿತು. ಅದು ಊರು, ಸಗಣಿಯ ರಾಶಿ ಊರಿನ ನಡುವಿನ ತಿಪ್ಪೆ, ಅದನ್ನು ಆಗಾಗ ಸುಟ್ಟು ಚೊಕ್ಕಟ ಮಾಡುತ್ತಿದ್ದರು ಎಂಬುದು ಅವರ ವಿವರಣೆ. ಆಮೇಲಿನ ಕೆಲವು ವಿದ್ವಾಂಸರು ತಿಪ್ಪೆಯೆಂಬ ಮಾತನ್ನೂ ಒಪ್ಪಿಲ್ಲ. ಪೀಟರ್ ಜೊಹಾನ್ಸನ್ ಅವರು 2004ರಲ್ಲಿ, ತಲೆಮಾರುಗಳ ಕಾಲ ಒಂದೇ ಜಾಗದಲ್ಲಿ ಪೇರಿಸಿ ಸುಟ್ಟು ದೂರದಿಂದ ಕಾಣುವಂತೆ ಎತ್ತರಿಸಿದ ಈ ದಿಬ್ಬಗಳು ಆ ಜನರ ಸ್ಮಾರಕಗಳೇ ಆಗಿದ್ದವೆಂದು ವಾದಿಸಿದರು.

ಈ ಮೂರು ಪಕ್ಷಗಳಲ್ಲಿ ಯಾವುದು ಸರಿ ಎಂಬುದನ್ನು ತರ್ಕ ತೀರ್ಮಾನಿಸಲಾರದು, ಪದರಗಳು ತೀರ್ಮಾನಿಸಬೇಕು. ವರ್ಷಕ್ಕೊಮ್ಮೆ ಸುಟ್ಟಿದ್ದರೆ ಬೂದಿಯ ಪದರಗಳು ತೆಳುವಾಗಿಯೂ ಸಮವಾಗಿಯೂ ಇರಬೇಕು; ಯಾವಾಗಲೋ ಒಮ್ಮೆ ಮಹಾದಹನ ನಡೆದಿದ್ದರೆ ದಪ್ಪನೆಯ ಕರಗಿದ ಪದರ, ಅದರ ಕೆಳಗೆ ಸುಡದೆ ಉಳಿದ ಸಗಣಿ ಇರಬೇಕು. ಎಲ್ಲ ದಿಬ್ಬಗಳಿಗೂ ಒಂದೇ ಉತ್ತರ ಸಿಗಲೇಬೇಕೆಂಬ ನಿಯಮವೂ ಇಲ್ಲ. ಉಟ್ನೂರಿನಲ್ಲಿ ನಡೆದುದು ಬೂದಿಹಾಳದಲ್ಲಿ ನಡೆದಿರದಿರಬಹುದು.

ದಿಬ್ಬಗಳಿಂದ ಕಣ್ಣೆತ್ತಿ ಗುಡ್ಡಗಳ ಕಡೆ ನೋಡಿದರೆ ಆ ಜನರ ಬಾಳಿನ ಇನ್ನೊಂದು ಪಾರ್ಶ್ವ ತಿಳಿಯುತ್ತದೆ. ಬಳ್ಳಾರಿಯ ಬಳಿಯ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ಸುಬ್ಬರಾವ್ ಅವರು 1940ರ ದಶಕದಲ್ಲಿಯೇ ಉತ್ಖನನ ಮಾಡಿದ್ದರು. ಇತ್ತೀಚೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರು ನಿಕೋಲ್ ಬೊಯಿವಿನ್, ಡೋರಿಯನ್ ಫುಲ್ಲರ್ ಮೊದಲಾದವರೊಡನೆ ಅಲ್ಲಿ ಹೊಸ ಅಧ್ಯಯನ ನಡೆಸಿದರು. ಗುಡ್ಡದ ನೆತ್ತಿಯಲ್ಲಿ ವಸತಿ, ಕಪ್ಪುಶಿಲೆಯ ಏಣಿನ ಬಳಿ ಕೊಡಲಿಗಳನ್ನು ಕಡೆಯುವ ಕಾರ್ಖಾನೆ, ಬಂಡೆಗಳ ಮೇಲೆ ನೀಳಕೊಂಬಿನ ಗೂಳಿಗಳ ಚಿತ್ರಗಳು ಅಲ್ಲಿವೆ. ಅಗೆದ ಮಣ್ಣನ್ನು ಎಸೆಯದೆ ನೀರಿನಲ್ಲಿ ಕದಡಿ ತೇಲಿಬಂದ ಕರಿಕಾಳುಗಳನ್ನು ಸೋಸಿ ತೆಗೆದಾಗ, ಆ ರೈತರ ಬೆಳೆಗಳು ಕೈಗೆ ಸಿಕ್ಕವು: ಕೊರಲೆ, ನವಣೆಯ ಕುಲದ ಇನ್ನೊಂದು ಸಣ್ಣ ಧಾನ್ಯ, ಹುರುಳಿ, ಹೆಸರು. ಇಂದು ಜೋಳದ ನಾಡೆನಿಸಿದ ಈ ಸೀಮೆಯ ಮೊದಲ ಒಕ್ಕಲಿಗರ ಮುಖ್ಯ ಆಹಾರ ಜೋಳವಲ್ಲ; ಜೋಳ ಆಫ್ರಿಕಾದಿಂದ ಬಂದ ಧಾನ್ಯ. ಕೊರಲೆಯನ್ನೋ, ತುಮಕೂರು, ಚಿತ್ರದುರ್ಗ ಕಡೆಯ ಬೆದ್ದಲು ಹೊಲಗಳಲ್ಲಿ ಇಂದಿಗೂ ಬಿತ್ತುತ್ತಾರೆ. ಹಿಂದಿನ ಉತ್ಖನನಕಾರರು ಇಂತಹ ಎಷ್ಟು ಕಾಳುಗಳನ್ನು ಮಣ್ಣಿನೊಡನೆ ಹೊರಗೆ ಚೆಲ್ಲಿದರೋ ಲೆಕ್ಕವಿಲ್ಲ. ಅವರು ಮಡಕೆಗೆ ಕೊಟ್ಟ ಗೌರವವನ್ನು ಮಣ್ಣಿಗೆ ಕೊಡಲಿಲ್ಲವೆಂದು ಹೇಳಲೇಬೇಕಾಗಿದೆ.

ಆದರೂ ಅವರಿಂದಾದ ಹಾನಿ ಅಲ್ಪ. ದಿಬ್ಬಗಳ ಬೂದಿ ಒಳ್ಳೆಯ ಗೊಬ್ಬರವೆಂಬುದು ಸುತ್ತಣ ಊರವರಿಗೆ ಬಹುಕಾಲದಿಂದ ತಿಳಿದಿದೆ. ಗಾಡಿಗಳಲ್ಲಿ, ಆಮೇಲೆ ಟ್ರ್ಯಾಕ್ಟರುಗಳಲ್ಲಿ ಅದನ್ನು ಹೊಲಗಳಿಗೆ ಹೇರಿದ್ದಾರೆ. ಕೆಲವು ದಿಬ್ಬಗಳು ಬುಡಮಟ್ಟ ಮಾಯವಾಗಿವೆ. ರೈತನನ್ನು ಇದಕ್ಕಾಗಿ ದೂರುವುದು ತರವಲ್ಲ, ಅವನ ಕಣ್ಣಿಗೆ ಅದು ತನ್ನ ನೆಲದ ಗೊಬ್ಬರ. ಸಂಗನಕಲ್ಲಿನ ಕಡೆ ಕಲ್ಲುಗಣಿಗಾರಿಕೆ ಇನ್ನೂ ದೊಡ್ಡ ಪೆಟ್ಟು ಕೊಟ್ಟಿದೆ. ಕಲ್ಲಿನ ಕೊಡಲಿಯೊಂದು ಕಳೆದರೆ ಅಂತಹುದೇ ಇನ್ನೊಂದು ಎಲ್ಲಿಯಾದರೂ ದೊರೆತೀತು. ಒಮ್ಮೆ ಕದಡಿದ ಪದರವನ್ನು ಯಾರೂ ಮತ್ತೆ ಜೋಡಿಸಲಾರರು. ಅಗೆದು ಗುಡ್ಡೆಹಾಕಿದ ಬೂದಿಯನ್ನು ಪ್ರಯೋಗಶಾಲೆಗೆ ಕೊಟ್ಟರೆ 'ಇದು ಸಗಣಿ' ಎಂಬಷ್ಟನ್ನು ಅದು ಹೇಳೀತು. ಯಾರು, ಎಷ್ಟು ಸಲ, ಎಷ್ಟು ಕಾಲದ ಅಂತರದಲ್ಲಿ, ಏಕೆ ಸುಟ್ಟರು ಎಂಬುದನ್ನು ಹೇಳಲಾರದು. ಮೇಲೆ ಹೇಳಿದ ಮೂರು ಪಕ್ಷಗಳ ವ್ಯಾಜ್ಯಕ್ಕೆ ಬೇಕಾದ ಸಾಕ್ಷಿ ಇರುವುದು ಇನ್ನೂ ಕದಡದೆ ಉಳಿದಿರುವ ದಿಬ್ಬಗಳಲ್ಲಿ ಮಾತ್ರ.

ಈ ಜಿಲ್ಲೆಗಳ ಹಳ್ಳಿಶಾಲೆಗಳಲ್ಲಿ ಪಾಠ ಹೇಳುವವರಿಗೂ, ಅಲ್ಲಿ ಹೊಲಮನೆಗಳುಳ್ಳವರಿಗೂ ಇಂತಹ ಸ್ಥಳಗಳು ಕಣ್ಣಿಗೆ ಬೀಳುವ ಸಂಭವ ಹೆಚ್ಚು. ಬೂದುಬಣ್ಣದ ಮೆತ್ತನೆಯ ಮಣ್ಣಿನ ಉಬ್ಬು, ಹಗುರವಾದ ಗುಳ್ಳೆಗುಳ್ಳೆಯ ಗಾಜುಗಟ್ಟಿಗಳು, ಸುತ್ತಮುತ್ತ ನುಣುಪುಗೊಳಿಸಿದ ಕಲ್ಲಿನ ಕೊಡಲಿ ಅಥವಾ ಬೂದುಬಣ್ಣದ ದಪ್ಪ ಮಡಕೆಯ ಚೂರುಗಳು, ಸಮೀಪದಲ್ಲಿ ಬಂಡೆಗಳ ಗುಡ್ಡ, ಇವು ಕೂಡಿ ಕಂಡರೆ ಅದು ಬೂದಿದಿಬ್ಬವಾಗಿರಬಹುದು. ಏನನ್ನೂ ಎತ್ತದೆ, ಅಗೆಯದೆ, ಹೊಲದ ಸರ್ವೆ ನಂಬರನ್ನೂ ಊರವರು ಆ ಜಾಗಕ್ಕೆ ಹೇಳುವ ಹೆಸರನ್ನೂ ಬರೆದುಕೊಂಡು ರಾಜ್ಯದ ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ಊರವರು ಹೇಳುವ ಕತೆಯಿದ್ದರೆ ಅದನ್ನೂ ಬರೆದುಕೊಳ್ಳಬೇಕು. ದಿಬ್ಬದ ಗಟ್ಟಿ, ಕೊಡಲಿಗಳು ಹೇಗಿರುತ್ತವೆಂದು ಮಕ್ಕಳಿಗೆ ಮೊದಲೇ ತೋರಿಸಬೇಕೆನ್ನುವವರಿಗೆ ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನ ಸಂಗನಕಲ್ಲು ಪ್ರಾಕ್ತನ ವಸ್ತುಸಂಗ್ರಹಾಲಯವಿದೆ. ಅಲ್ಲಿಂದ ಕುಡತಿನಿಯ ದಿಬ್ಬಕ್ಕೂ ಒಂದೇ ದಿನದಲ್ಲಿ ಹೋಗಿಬರಬಹುದು.